ಸ್ಕೂಟರಿಗೆ ವಿಮೆ ಉಂಟು, ಸೂರಿಗೆ ಇಲ್ಲ!

(ಬೆಂಗಳೂರಿನ ಬಡಾವಣೆಯೊಂದರಲ್ಲಿ ನಡೆದ ಕನ್ನಡ ಯುವಜನರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಬಾವುಟ ಏರಿಸಿದ್ದಾಯಿತು, ಹಾಡಿದ್ದಾಯಿತು, ಘೋಷಣೆಯೂ ಆಯಿತು. ಈಗ ಸ್ವಲ್ಪ ಹೊತ್ತು ನಿಮ್ಮನ್ನು ಅಡುಗೆಮನೆಗೆ ಕರೆದುಕೊಂಡು ಹೋಗುತ್ತೇನೆ. ಕನ್ನಡದ ಸಭೆಗೆ ಬಂದು ಈ ಮನುಷ್ಯ ಗ್ಯಾಸ್ ಸಿಲಿಂಡರ್ ಬಗ್ಗೆ ಮಾತಾಡುತ್ತಾನಲ್ಲ ಎಂದು ಹಿಂದೆ ನಿಂತ ಹುಡುಗರು ನಗುತ್ತಿದ್ದಾರೆ. ನಗಲಿ. ಕನ್ನಡ ಉಳಿಯಬೇಕಾದರೆ ಕನ್ನಡ ಮಾತಾಡುವ ಮನೆ ಮೊದಲು ಉಳಿಯಬೇಕಲ್ಲ!

ಒಳಗೆ ಬರುವಾಗ ಹೊರಗೆ ನಿಂತಿರುವ ಸ್ಕೂಟರು ಬೈಕುಗಳನ್ನು ನೋಡಿದೆ. ಅವಕ್ಕೆಲ್ಲ ವಿಮೆ ಇದೆಯೇ ಎಂದರೆ ಇದೆ ಎನ್ನುತ್ತೀರಿ. ಯಾಕಿದೆ? 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿದೆ, ಸಿಗ್ನಲ್ಲಿನಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿಯುತ್ತಾರೆ. ಅದಕ್ಕೇ ಇದೆ. (ಕಡ್ಡಾಯವಿರುವ ಆ ವಿಮೆ ನಿಮ್ಮ ಗಾಡಿಯನ್ನು ಕಾಯುವುದಲ್ಲ, ನೀವು ಗುದ್ದಿದವರಿಗೆ ಪರಿಹಾರ ಕೊಡುವುದು. ಆ ಮಾತು ಇನ್ನೊಂದು ದಿನಕ್ಕಿರಲಿ.) ಮನೆಗೆ ವಿಮೆ ಮಾಡಿಸಿದವರು ಕೈ ಎತ್ತಿ ಎಂದರೆ ಇಡೀ ಸಭೆಯಲ್ಲಿ ಮೂರು ಕೈ ಮೇಲೆ ಬಂದವು. ಅದರಲ್ಲಿ ಒಬ್ಬರು, “ಬ್ಯಾಂಕಿನವರು ಏನೋ ಮಾಡಿಸಿದ್ದಾರೆ, ಏನು ಅಂತ ಗೊತ್ತಿಲ್ಲ” ಎಂದರು. ಅವರಿಗೆ ಆಮೇಲೆ ಉತ್ತರ ಹೇಳುತ್ತೇನೆ.

ಮೊದಲು ಸಿಲಿಂಡರ್. ಇವತ್ತು ರಾತ್ರಿ ಮನೆಗೆ ಹೋದ ಮೇಲೆ ಅದರ ಹಿಡಿಯನ್ನು ನೋಡಿ. ಹಿಡಿಯ ಬಳೆಯನ್ನು ಹೊತ್ತಿರುವ ಕಬ್ಬಿಣದ ಪಟ್ಟಿಗಳಲ್ಲಿ ಒಂದರ ಒಳಮೈಯಲ್ಲಿ ಒಂದು ಅಕ್ಷರ, ಒಂದು ಅಂಕಿ ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಜೂನ್‌ವರೆಗೆ, ಸಿ ಎಂದರೆ ಸೆಪ್ಟೆಂಬರ್‌ವರೆಗೆ, ಡಿ ಎಂದರೆ ಡಿಸೆಂಬರ್‌ವರೆಗೆ. ಪಕ್ಕದ ಅಂಕಿ ವರ್ಷ. ‘ಬಿ 28’ ಎಂದಿದ್ದರೆ 2028ರ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು. ಅವಧಿ ಮೀರಿದ್ದನ್ನು ತಂದರೆ ಬಾಗಿಲಲ್ಲೇ ವಾಪಸು ಕಳಿಸಿ. ಅದು ನಿಮ್ಮ ಹಕ್ಕು. ಇಷ್ಟು ವರ್ಷ ಅಡುಗೆ ಮಾಡಿದ ಅಮ್ಮನಿಗೆ ಈ ಗುಟ್ಟನ್ನು ಯಾರೂ ಹೇಳಿಲ್ಲ. ಹೇಳಬೇಕಾದವರು ನೀವು.

ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲಿ ಎಂದು ಈಥೈಲ್ ಮರ್ಕಾಪ್ಟನ್ ಎಂಬ ಕೊಳೆತ ನಾತದ ರಾಸಾಯನಿಕ ಬೆರೆಸುತ್ತಾರೆ. ಈ ಗ್ಯಾಸು ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ಚೆಲ್ಲಿದ ನೀರಿನ ಹಾಗೆ ನೆಲದ ಮೇಲೆ ಹರಡಿ ಮೂಲೆಯಲ್ಲಿ, ಮಂಚದ ಕೆಳಗೆ ತಂಗುತ್ತದೆ. ಆದ್ದರಿಂದ ಮೇಲಿನ ವೆಂಟಿಲೇಟರ್ ತೆಗೆದರೆ ಸಾಲದು, ಬಾಗಿಲು ತೆಗೆಯಬೇಕು. ವಾಸನೆ ಬಂದಾಗ ಲೈಟು ಹಾಕುವುದೂ ಬೇಡ, ಉರಿಯುತ್ತಿರುವ ಲೈಟು ಆರಿಸುವುದೂ ಬೇಡ, ಫ್ಯಾನಂತೂ ಬೇಡವೇ ಬೇಡ. ಸ್ವಿಚ್ಚಿನಲ್ಲಿ ಎರಡು ಸಲವೂ ಕಿಡಿ ಏಳುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೆಂದೇ ಇರುವ ನಂಬರು. ರಬ್ಬರ್ ಕೊಳವೆಗೆ ಐದು ವರ್ಷ ಆಯುಸ್ಸು, ಅದರ ಮೈಮೇಲೇ ಬರೆದಿರುತ್ತದೆ. ನಮ್ಮ ಕಡೆ ಅದನ್ನು ಹರಿಯುವ ತನಕ ಬಿಡುವುದು ವಾಡಿಕೆ!

ಬಚ್ಚಲೊಳಗೆ ಗ್ಯಾಸ್ ಗೀಸರ್ ಇಟ್ಟವರು ನಾಳೆಯೇ ಹೊರಗೆ ಹಾಕಿಸಿ. ಮುಚ್ಚಿದ ಬಾಗಿಲ ಹಿಂದೆ ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕುಸಿದು ಬಿದ್ದದ್ದು ಹೊರಗಿದ್ದವರಿಗೆ ತಿಳಿಯುವಾಗ ಹೊತ್ತು ಮೀರಿರುತ್ತದೆ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ. ನಿಮ್ಮ ಗ್ಯಾಸ್ ಸಂಪರ್ಕದ ಜೊತೆಗೇ ಒಂದು ವಿಮೆ ಇದೆ. ನೀವು ಕಂತು ಕಟ್ಟಬೇಕಾಗಿಲ್ಲ, ತೈಲ ಕಂಪನಿಗಳೇ ಮಾಡಿಸಿರುತ್ತವೆ. ಸಿಲಿಂಡರಿನ ಬೆಂಕಿಯಿಂದ ಅವಘಡವಾದರೆ, ಸತ್ತವರಿಗೆ ತಲಾ 6 ಲಕ್ಷ ರೂಪಾಯಿ. ಗಾಯಗೊಂಡವರ ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ, ಒಂದು ಅವಘಡಕ್ಕೆ ಒಟ್ಟು 30 ಲಕ್ಷದ ಮಿತಿ. ಮನೆಗೆ, ಸಾಮಾನಿಗೆ ಆದ ನಷ್ಟಕ್ಕೆ 2 ಲಕ್ಷದವರೆಗೆ. ನೀವು ವಿಮಾ ಕಂಪನಿಯ ಬಾಗಿಲು ತಟ್ಟಬೇಕಾಗಿಲ್ಲ. ವಿತರಕರಿಗೆ ತಕ್ಷಣ ಬರಹದಲ್ಲಿ ತಿಳಿಸಿ, ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಆಸ್ಪತ್ರೆಯ ಮೂಲ ಬಿಲ್ಲುಗಳನ್ನು ಜೋಪಾನ ಮಾಡಿ. ವಿತರಕರು ತೈಲ ಕಂಪನಿಗೆ, ಕಂಪನಿ ವಿಮೆಯವರಿಗೆ ಮುಟ್ಟಿಸಬೇಕು.

ಆದರೆ ಗಮನಿಸಿ: ಮನೆ ಸಾಮಾನಿನ ಆ 2 ಲಕ್ಷ ಸಿಗುವುದು ಗ್ಯಾಸ್ ಪುಸ್ತಕದಲ್ಲಿ ಬರೆದಿರುವ ವಿಳಾಸದ ಮನೆಗೆ ಮಾತ್ರ. ಇಲ್ಲೇ ನಮ್ಮ ಹುಡುಗರು ಎಡವುವುದು. ಹಾಸನದಲ್ಲಿ ಅಪ್ಪನ ಹೆಸರಿನಲ್ಲಿರುವ ಸಿಲಿಂಡರನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದು ವಿಜಯನಗರದ ಬಾಡಿಗೆ ರೂಮಿನಲ್ಲಿ ಇಡುತ್ತೀರಿ. ಮನೆ ಬದಲಾಯಿಸುತ್ತೀರಿ, ಗ್ಯಾಸಿನ ವಿಳಾಸ ಬದಲಾಯಿಸುವುದಿಲ್ಲ. ಇನ್ನು ಕೆಲವರು ಮೂಲೆ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ತುಂಬಿಸುವ ಪುಟ್ಟ ಸಿಲಿಂಡರ್ ತರುತ್ತೀರಿ. ಅದು ಕಾನೂನುಬಾಹಿರ, ಅದಕ್ಕೆ ಪರೀಕ್ಷೆಯೂ ಇಲ್ಲ, ವಿಮೆಯೂ ಇಲ್ಲ. ರೂಮಿನಲ್ಲಿರುವ ಹುಡುಗರಿಗೆಂದೇ ತೈಲ ಕಂಪನಿಗಳ 5 ಕೆ.ಜಿ. ಸಿಲಿಂಡರ್ ಇದೆ. ಇಂಡೇನಿನವರು ಅದಕ್ಕೆ ‘ಛೋಟು’ ಎಂದು ಹೆಸರಿಟ್ಟಿದ್ದಾರೆ. ಒಂದು ಗುರುತಿನ ಚೀಟಿ ತೋರಿಸಿದರೆ ಸಾಕು, ವಿಳಾಸದ ದಾಖಲೆ ಕೇಳುವುದಿಲ್ಲ. ಐವತ್ತು ರೂಪಾಯಿ ಉಳಿಸಲು ಹೋಗಿ ಮಹಡಿಯವರನ್ನೆಲ್ಲ ಅಪಾಯಕ್ಕೆ ಒಡ್ಡಬೇಡಿ.

ಬೆಂಕಿ ಎಂದ ಮೇಲೆ ಗ್ರಿಲ್ ಮಾತು ಆಡಲೇಬೇಕು. 2021ರ ಸೆಪ್ಟೆಂಬರ್‌ನಲ್ಲಿ ಬನ್ನೇರುಘಟ್ಟ ರಸ್ತೆ ಬಳಿಯ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದಾಗ ತಾಯಿ, ಮಗಳು ಇಬ್ಬರೂ ಸತ್ತರು. ಬಾಲ್ಕನಿಗೆ ಕಳ್ಳರು ಬರದಂತೆ ಹಾಕಿದ ಕಬ್ಬಿಣ, ಒಳಗಿದ್ದವರು ಹೊರಗೆ ಬರದಂತೆಯೂ ತಡೆಯಿತು. ಕೆಳಗೆ ನಿಂತ ಜನ ಏನೂ ಮಾಡಲಾಗಲಿಲ್ಲ. ಗ್ರಿಲ್ ಬೇಡ ಎನ್ನುವುದಿಲ್ಲ. ಮನೆಗೆ ಒಂದು ಗ್ರಿಲ್ಲಾದರೂ ಬಾಗಿಲಿನ ಹಾಗೆ ತೆರೆಯುವಂತಿರಲಿ, ಅದರ ಬೀಗದ ಕೈ ಒಳಗಡೆ ಅಲ್ಲೇ ಮೊಳೆಗೆ ತೂಗಿರಲಿ. ವೆಲ್ಡಿಂಗ್‌ನವನಿಗೆ ಅರ್ಧ ದಿನದ ಕೆಲಸ. ಬಾಡಿಗೆಯವರಾದರೆ ಓನರಿಗೆ ಇದನ್ನು ಹೇಳಲು ಸಂಕೋಚ ಪಡಬೇಡಿ. ಗೋಡೆಗೆ ಮೊಳೆ ಹೊಡೆದದ್ದಕ್ಕೆ ಅಡ್ವಾನ್ಸಿನಲ್ಲಿ ಹಿಡಿಯುವವರು, ಇದನ್ನೂ ಸ್ವಲ್ಪ ಕೇಳಿಸಿಕೊಳ್ಳಲಿ.

ಕರೆಂಟಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೋರ್ಡಿನಲ್ಲಿರುವ ಎಂಸಿಬಿ ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವಂಥದ್ದನ್ನು ಹಾಕಿಸಿ. ಅದರ ಮೇಲೆ ‘ಟೆಸ್ಟ್’ ಎಂಬ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಟಪ್ ಎಂದು ಬೀಳಬೇಕು. ಬೀಳದಿದ್ದರೆ ಅದು ಗೋಡೆಯ ಅಲಂಕಾರ. ಮನೆಯೊಳಗೆ ನೀರು ನುಗ್ಗುವ ಸೂಚನೆ ಕಂಡರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಸಾಮಾನು ಎತ್ತಿಡಿ. ಅಷ್ಟರಲ್ಲಿ ನೀರು ಬಂದಿದ್ದರೆ ಅದರೊಳಗೆ ನಿಂತು ಬೋರ್ಡು ಮುಟ್ಟಬೇಡಿ, ಹೊರಗೆ ಬಂದು 1912ಕ್ಕೆ ಹೇಳಿ.

ನೀರು ಎಂದಾಗ 2022ರ ಸೆಪ್ಟೆಂಬರ್ ನೆನಪಾಗುತ್ತದೆ. ಯಮಲೂರಿನಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ದೋಣಿ ಓಡಿತು. ಕೆರೆ ನುಂಗಿದವರನ್ನು ಬೈಯುವುದು ನಮ್ಮ ಕರ್ತವ್ಯ, ಬೈಯೋಣ. ಆದರೆ ನೆನೆದ ಹಾಸಿಗೆ, ಕೆಟ್ಟ ಫ್ರಿಜ್ಜು, ಬಿರುಕು ಬಿಟ್ಟ ಗೋಡೆಗೆ ದುಡ್ಡು ಯಾರು ಕೊಡಬೇಕು?

ಇದಕ್ಕೇ ‘ಭಾರತ ಗೃಹ ರಕ್ಷಾ’ ಎಂಬ ವಿಮೆ ಇದೆ. 2021ರ ಏಪ್ರಿಲ್ 1ರಿಂದ ಮನೆಯ ಬೆಂಕಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಇದನ್ನು ಕೊಡಲೇಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಆಜ್ಞೆ ಮಾಡಿತು. ಕಂಪನಿ ಯಾವುದೇ ಇರಲಿ, ಮೂಲ ಷರತ್ತು ಒಂದೇ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ನೀರಿನ ಟ್ಯಾಂಕು ಒಡೆದದ್ದು ಎಲ್ಲ ಇದರಲ್ಲಿ ಸೇರಿದೆ. ಊರಿನಲ್ಲಿ ಅಪ್ಪ ಅಮ್ಮ ಇರುವ ಮನೆಗೂ ಮಾಡಿಸಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಷ್ಟಕ್ಕೆ ಮಾಡಿಸುವುದು? ಬೆಂಗಳೂರಿನವರಿಗೆ ಮನೆ ಎಂದರೆ ಸೈಟಿನ ಬೆಲೆ. “ನಮ್ಮದು ಒಂದೂವರೆ ಕೋಟಿ ಸಾರ್, ಅಷ್ಟಕ್ಕೆ ಯಾರು ಕಂತು ಕಟ್ಟುತ್ತಾರೆ” ಎನ್ನುತ್ತಾರೆ. ನೆಲ ಸುಡುವುದಿಲ್ಲ ಸ್ವಾಮಿ! ವಿಮೆ ಬೇಕಾಗಿರುವುದು ಮತ್ತೆ ಕಟ್ಟಲು ತಗಲುವ ಖರ್ಚಿಗೆ. ಒಳಗಿನ ಅಳತೆ ಸಾವಿರ ಚದರಡಿ, ಕಟ್ಟುವ ಖರ್ಚು ಚದರಡಿಗೆ 2,500 ರೂಪಾಯಿ ಎಂದಿಟ್ಟುಕೊಳ್ಳಿ. ಆಗ 25 ಲಕ್ಷ. ಮನೆಯ ಮೊತ್ತದ ಶೇ. 20ರಷ್ಟು, ಅಂದರೆ ಇಲ್ಲಿ 5 ಲಕ್ಷ, ಒಳಗಿನ ಸಾಮಾನಿಗೆ ತಾನಾಗಿಯೇ ಸೇರುತ್ತದೆ. ಪಟ್ಟಿ ಕೊಡಬೇಕಾಗಿಲ್ಲ, ಗರಿಷ್ಠ 10 ಲಕ್ಷ. ಹಿಂದಿನ ಪಾಲಿಸಿಗಳಲ್ಲಿ ಒಂದು ಕೊಕ್ಕೆ ಇತ್ತು: 20 ಲಕ್ಷದ ಮನೆಯನ್ನು 10 ಲಕ್ಷಕ್ಕೆ ಮಾಡಿಸಿದ್ದರೆ, 4 ಲಕ್ಷ ನಷ್ಟವಾದಾಗ 2 ಲಕ್ಷ ಮಾತ್ರ ಕೊಡುತ್ತಿದ್ದರು. ಗೃಹ ರಕ್ಷಾದಲ್ಲಿ ಆ ಕೊಕ್ಕೆ ತೆಗೆದಿದ್ದಾರೆ.

ಬಾಡಿಗೆಯಲ್ಲಿ, ಬೋಗ್ಯದಲ್ಲಿ ಇರುವವರು ಬರೀ ಸಾಮಾನಿಗೆ ಮಾಡಿಸಬಹುದು. ಓನರಿನ ವಿಮೆ ನಿಮ್ಮ ಟೀವಿಗೆ, ಲ್ಯಾಪ್‌ಟಾಪಿಗೆ ಒಂದು ಪೈಸೆ ಕೊಡುವುದಿಲ್ಲ.

ಏನು ಸಿಗುವುದಿಲ್ಲ ಎಂಬುದನ್ನು ಏಜೆಂಟರು ಹೇಳುವುದಿಲ್ಲ, ನಾನು ಹೇಳುತ್ತೇನೆ. ನಗದು, ದಾಖಲೆ ಪತ್ರ, ವಾಹನ ಇದರಲ್ಲಿ ಇಲ್ಲ. ಒಡವೆಗೆ ಬೇರೆಯಾಗಿ ಸೇರಿಸಬೇಕು. ಹಬ್ಬಕ್ಕೆ ಊರಿಗೆ ಹೋದಾಗ ಬೀಗ ಒಡೆದರೆ ಇಲ್ಲ. ಪ್ರವಾಹವೋ ಬೆಂಕಿಯೋ ಆದ ಏಳು ದಿನದೊಳಗೆ, ಅದರ ಗೊಂದಲದಲ್ಲಿ ಆದ ಕಳ್ಳತನಕ್ಕೆ ಮಾತ್ರ ಉಂಟು. ಮಾಮೂಲಿ ಕನ್ನಗಳ್ಳತನಕ್ಕೆ ಬೇರೆ ವಿಮೆ ಮಾಡಿಸಬೇಕು. ಫ್ರಿಜ್ಜಿನೊಳಗೆ ಶಾರ್ಟ್ ಆಗಿ ಆ ಫ್ರಿಜ್ಜು ಕೆಟ್ಟರೆ ಇಲ್ಲ, ಅದರಿಂದ ಬೆಂಕಿ ಹತ್ತಿ ಅಡುಗೆಮನೆ ಸುಟ್ಟರೆ ಅಡುಗೆಮನೆಗೆ ಉಂಟು.

ಬ್ಯಾಂಕಿನವರು ಏನೋ ಮಾಡಿಸಿದ್ದಾರೆ ಎಂದರಲ್ಲ ಅಣ್ಣ, ನಿಮ್ಮ ಕಾಗದ ತೆಗೆದು ನೋಡಿ. ಸಾಲದ ಜೊತೆ ಕೊಡುವುದು ಬಹಳ ಸಲ ಸಾಲಗಾರನ ಜೀವದ ಮೇಲಿನ ವಿಮೆ. ನೀವು ತೀರಿಕೊಂಡರೆ ಬ್ಯಾಂಕಿನ ಸಾಲ ತೀರುತ್ತದೆ. ಮನೆ ಸುಟ್ಟರೆ ಅದರಿಂದ ಒಂದು ಇಟ್ಟಿಗೆಯೂ ಬರುವುದಿಲ್ಲ. ಇವೆರಡೂ ಬೇರೆ ಬೇರೆ. ಹೆಸರಿನಲ್ಲಿ ಮಾತ್ರ ‘ಹೋಮ್’ ಎಂಬ ಪದ ಎರಡರಲ್ಲೂ ಇರುತ್ತದೆ.

ಈಗ ಕನ್ನಡಕ್ಕೆ ಬರುತ್ತೇನೆ. 1891ರಲ್ಲೇ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ವಿಮೆ ಶುರು ಮಾಡಿತ್ತು. ಅದೇ ಇವತ್ತಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ವಿಮೆ ನಮಗೆ ಹೊಸದಲ್ಲ. ಹಾಗಿದ್ದರೂ ಇಂದು ಪಾಲಿಸಿ ಎಂದರೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದ ಹತ್ತಾರು ಪುಟ. 2002ರ ವಿಮಾ ನಿಯಮದಲ್ಲಿ ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಕಾಗದಗಳನ್ನು ಕೊಡ‘ಬಹುದು’ ಎಂದಿತ್ತು. ಈ ‘ಬಹುದು’ ಎಂಬುದು ಎಷ್ಟು ಮನೆಗಳನ್ನು ನುಂಗಿತೋ! ಆರೋಗ್ಯ ವಿಮೆಯ ವಿಷಯದಲ್ಲಿ ಸ್ವಲ್ಪ ಸುಧಾರಿಸಿದೆ: 2024ರ ಜನವರಿ 1ರಿಂದ ಜಾರಿಗೆ ಬಂದ ಗ್ರಾಹಕ ಮಾಹಿತಿ ಪತ್ರವನ್ನು ಪಾಲಿಸಿದಾರರು ಕೇಳಿದರೆ ಅವರ ಭಾಷೆಯಲ್ಲಿ ಕೊಡಬೇಕು. ‘ಕೇಳಿದರೆ’ ಎಂದಿದೆ. ಕೇಳಿ. ಅಪ್ಪನ ಆರೋಗ್ಯ ವಿಮೆಗೆ ಇವತ್ತೇ ಕೇಳಿ. ಮನೆ ವಿಮೆಗೂ ಕೇಳುವ ಅಭ್ಯಾಸ ಮಾಡಿ.

ಅರ್ಜಿಯ ಕೊನೆಯಲ್ಲಿ ಇನ್ನೊಂದು ಚಮತ್ಕಾರ ಇರುತ್ತದೆ. ಅರ್ಜಿದಾರರು ಕನ್ನಡದಲ್ಲಿ ಸಹಿ ಹಾಕಿದರೆ, ಹೆಬ್ಬೆಟ್ಟು ಒತ್ತಿದರೆ, “ಇದರಲ್ಲಿರುವುದನ್ನೆಲ್ಲ ಇವರ ಭಾಷೆಯಲ್ಲಿ ವಿವರಿಸಿದ್ದೇನೆ” ಎಂದು ಬೇರೊಬ್ಬರು ಸಹಿ ಮಾಡಬೇಕು. ನಾನು ನೋಡಿದ ಎಷ್ಟೋ ಅರ್ಜಿಗಳಲ್ಲಿ ಆ ಸಹಿ ಇತ್ತು, ವಿವರಿಸಿದವರು ಇರಲಿಲ್ಲ. ನಿಮ್ಮ ತಂದೆ ತಾಯಿಯ ಅರ್ಜಿಯಲ್ಲಿ ಅಲ್ಲಿ ಯಾರ ಹೆಸರಿದೆ ನೋಡಿ. ಮುಂದೆ ಆ ಜಾಗದಲ್ಲಿ ನಿಮ್ಮ ಸಹಿ ಇರಲಿ, ಓದಿ ಹೇಳಿದ ಮೇಲೆ.

ನಷ್ಟ ಆದ ಮೇಲೆ ಏನು? ಇವತ್ತೇ ಮೊಬೈಲಿನಲ್ಲಿ ಕೋಣೆ ಕೋಣೆಯ ಫೋಟೋ ತೆಗೆದು, ದೊಡ್ಡ ಸಾಮಾನುಗಳ ಬಿಲ್ಲಿನ ಫೋಟೋ ಜೊತೆ ಊರಿನಲ್ಲಿರುವ ಅಕ್ಕನಿಗೋ ತಮ್ಮನಿಗೋ ಕಳಿಸಿಡಿ. ನಷ್ಟವಾದ ಕೂಡಲೇ ಕಂಪನಿಗೆ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಸರ್ವೆಯರ್ ಬಂದು ನೋಡುವ ತನಕ ಕೆಟ್ಟ ಸಾಮಾನನ್ನು ಗುಜರಿಗೆ ಹಾಕಬೇಡಿ. ಹಾಗೆಂದು ಇನ್ನಷ್ಟು ಹಾಳಾಗಲೂ ಬಿಡಬೇಡಿ, ಮುರಿದ ಕಿಟಕಿಗೆ ಟಾರ್ಪಾಲು ಹೊದಿಸಿ. ಬೆಂಕಿಯಾದರೆ ಅಗ್ನಿಶಾಮಕದವರ ವರದಿ ಪಡೆಯಿರಿ. ಕೊನೆಗೆ “ಪೂರ್ಣ ಮತ್ತು ಅಂತಿಮ ತೀರುವಳಿ” ಎಂಬ ಕಾಗದಕ್ಕೆ ಸಹಿ ಕೇಳುತ್ತಾರೆ. ಅದನ್ನು ಓದದೆ ಹಾಕಿದ ಸಹಿ, ಮುಂದಿನ ಬಾಗಿಲಿಗೆ ನೀವೇ ಹಾಕಿದ ಬೀಗ.

ಕಂಪನಿ ಇಲ್ಲವೆಂದರೆ, ಅಥವಾ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ವಿಮಾ ಲೋಕಪಾಲರಿದ್ದಾರೆ. ಅವರ ಕಚೇರಿ ನಮ್ಮ ಜೆ.ಪಿ. ನಗರದ ಜೀವನ್ ಸೌಧದಲ್ಲೇ ಇದೆ. ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಅವಕಾಶವೂ ಇಲ್ಲ, ನೀವೇ ಮಾತಾಡಬೇಕು. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ವಿಮಾ ಪ್ರಾಧಿಕಾರದ ದೂರು ಸಂಖ್ಯೆ 155255, ಬರೆದುಕೊಳ್ಳಿ.

ನಾನು ವಿಮೆ ಮಾರುವವನಲ್ಲ, ಯಾವ ಕಂಪನಿಯ ಹೆಸರೂ ಹೇಳುವುದಿಲ್ಲ. ಮೂರು ನಾಲ್ಕು ಕಡೆ ದರ ಕೇಳಿ ನೀವೇ ಆರಿಸಿ. ಪಾಲಿಸಿ ಕಾಗದ ತರಲು ಹೇಳಿದ್ದೆವು, ಕೆಲವರು ತಂದಿದ್ದೀರಿ. ಬಲಗಡೆ ಮೇಜಿನ ಹತ್ತಿರ ನಮ್ಮ ಹುಡುಗರು, ಹುಡುಗಿಯರು ಕೂರುತ್ತಾರೆ, ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳುತ್ತಾರೆ. ಹಿರಿಯರು ಮೊದಲು ಬನ್ನಿ.