ಮನೆಯೊಳಗಿನ ಅಂಗಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈಗ ಪಟ್ಟಣದಲ್ಲಿ ನಮ್ಮಂಥವರು ಮನೆಯನ್ನು ಕಟ್ಟುವುದಿಲ್ಲ. ಯಾರೋ ಕಟ್ಟಿದ ಹದಿನಾರು ಮನೆಗಳಲ್ಲಿ ಒಂದನ್ನು ಕೊಳ್ಳುತ್ತೇವೆ. ನಮ್ಮ ಸೂರು ಮೇಲಿನವರ ನೆಲ. ನಮ್ಮ ಗೋಡೆ ಪಕ್ಕದವರಿಗೂ ಗೋಡೆಯೇ. ಮೆಟ್ಟಿಲು, ಲಿಫ್ಟು, ನೀರಿನ ತೊಟ್ಟಿ, ಗೇಟು ಇವೆಲ್ಲ ಎಲ್ಲರಿಗೂ ಸೇರಿದವು. ಇಂಥ ಕಡೆ ಒಬ್ಬರು ಮನೆಯಲ್ಲೇ ವ್ಯಾಪಾರ ತೊಡಗಿದರೆ ಏನು ಮಾಡಬೇಕು? ಇದನ್ನು ಕುರಿತು ಈ ಹೊತ್ತು ನಿಮ್ಮೊಡನೆ ಕೆಲವು ಮಾತನ್ನಾಡಬೇಕೆಂದಿದ್ದೇನೆ. ನಾನು ಕನ್ನಡ ಪಾಠ ಹೇಳುವವನು, ಕಾಯಿದೆ ಬಲ್ಲವನಲ್ಲ. ಆದರೆ ಬೆಂಗಳೂರಿನಲ್ಲಿ ನಾವಿರುವ ಕಟ್ಟಡದ ಸಂಘಕ್ಕೆ ಎರಡು ವರ್ಷ ಕಾರ್ಯದರ್ಶಿಯಾಗಿದ್ದೆ. ಮೂವತ್ತು ವರ್ಷದ ಮೇಷ್ಟ್ರ ಕೆಲಸ ಕಲಿಸದ ಕೆಲವು ಪಾಠಗಳನ್ನು ಆ ಎರಡು ವರ್ಷ ಕಲಿಸಿತು.

ಮನೆಯಲ್ಲಿ ದುಡಿಮೆ ನಡೆಯುವುದು ನಮಗೆ ಹೊಸತೇನೂ ಅಲ್ಲ. ಇಳಕಲ್ಲಿನಲ್ಲಿ, ಮೊಳಕಾಲ್ಮೂರಿನಲ್ಲಿ ನೇಕಾರರ ಮನೆಗೆ ಹೋದವರು ನೋಡಿರಬಹುದು, ಮಗ್ಗವಿರುವುದು ಮನೆಯೊಳಗೇ. ಹಳೆಯ ಪೇಟೆಬೀದಿಗಳಲ್ಲಿ ಮುಂದೆ ಅಂಗಡಿ, ಹಿಂದೆ ಸಂಸಾರ. ಮುಂಬಯಿಯ ಲಿಜ್ಜತ್ ಹಪ್ಪಳದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿದ್ದೀತು. 1959ರ ಮಾರ್ಚ್ 15ರಂದು ಗಿರಗಾಂವದ ಒಂದು ವಸತಿ ಕಟ್ಟಡದ ತಾರಸಿಯ ಮೇಲೆ ಏಳು ಮಂದಿ ಹೆಂಗಸರು, 80 ರೂಪಾಯಿ ಸಾಲ ತಂದು, ಹಪ್ಪಳ ಒತ್ತಲು ಕುಳಿತರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಆ ದಿನ ಕಟ್ಟಡದ ಕಾರ್ಯದರ್ಶಿಯೊಬ್ಬ ತಾರಸಿಗೆ ಹತ್ತಿ ಬಂದು, ಇಲ್ಲಿ ವ್ಯಾಪಾರ ಕೂಡದು ಎಂದು ನೋಟೀಸು ಅಂಟಿಸಿದ್ದರೆ? ಈ ಪ್ರಶ್ನೆ ನನಗೆ ಹೊಳೆದದ್ದು, ನಾನೇ ಅಂಥದೊಂದು ನೋಟೀಸಿಗೆ ರುಜು ಹಾಕಿದ ಮೇಲೆ.

ನಡೆದದ್ದು ಇಷ್ಟು. ನಮ್ಮ ಎರಡನೆಯ ಅಂತಸ್ತಿನಲ್ಲಿ ಒಬ್ಬ ತಾಯಿ. ಅವರ ಯಜಮಾನರು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತು. ಈಕೆ ಗೊತ್ತಿದ್ದವರಿಗೆ ಚಪಾತಿ ಮಾಡಿಕೊಡಲು ಮೊದಲು ಮಾಡಿದರು. ಚಪಾತಿಯ ಜೊತೆಗೆ ಪಲ್ಯ ಬಂತು, ಹಬ್ಬ ಬಂದಾಗ ಹೋಳಿಗೆ ಬಂತು. ಕೈ ಒಳ್ಳೆಯದು, ಗಿರಾಕಿ ಬೆಳೆದರು. ಒಂದು ವರ್ಷದೊಳಗೆ ಸಹಾಯಕ್ಕೆ ಒಬ್ಬಳು ಹೆಂಗಸು, ಮೊಗಸಾಲೆಯಲ್ಲಿ ನಾಲ್ಕು ಸಿಲಿಂಡರು, ಸಂಜೆ ಏಳಕ್ಕೆ ಗೇಟಿನ ಮುಂದೆ ಡಬ್ಬಿ ಒಯ್ಯುವ ಹುಡುಗರ ಮೋಟಾರ್ ಬೈಕುಗಳು. ಕರಿದ ಎಣ್ಣೆಯ ವಾಸನೆ ಮೂರನೆಯ ಅಂತಸ್ತಿನವರ ಒಣಹಾಕಿದ ಬಟ್ಟೆಗೆ ಹತ್ತಿತು. ದೂರು ಬಂತು. ಸಂಘದ ನಿಯಮದಲ್ಲಿ ಮನೆಯನ್ನು ವಾಸಕ್ಕೆ ಮಾತ್ರ ಬಳಸತಕ್ಕದ್ದು ಎಂದು ಬರೆದಿತ್ತು. ನಾನು ಅದನ್ನು ಶುದ್ಧ ಕನ್ನಡದಲ್ಲಿ ನಕಲು ಮಾಡಿ, ರುಜು ಹಾಕಿ ಕಳುಹಿಸಿದೆ. ನನ್ನ ಭಾಷೆ ಬಹಳ ಚೆನ್ನಾಗಿತ್ತು ಎಂದು ಅಧ್ಯಕ್ಷರು ಹೇಳಿದರು.

ಆ ಸಂಜೆಯೇ ಆಕೆ ಬಂದರು. ನಾನು ಹತ್ತನೆಯ ತರಗತಿಯ ಮಕ್ಕಳಿಗೆ ಸಂಧಿ ಸಮಾಸ ಹೇಳುತ್ತಿದ್ದೆ. ಬಡ ಮಕ್ಕಳು, ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಆಕೆ ಒಳಗೆ ಬರಲಿಲ್ಲ. ಹೊಸಿಲಿನ ಆಚೆ ನಿಂತು ಚಪ್ಪಲಿಗಳನ್ನು ಎಣಿಸಿದರು.

“ಮೇಷ್ಟ್ರೇ, ನಮ್ಮನೆಗೆ ಹೊತ್ತಿಗೆ ನಾಲ್ಕು ಜನ ಬರ್ತಾರೆ. ಇಲ್ಲಿ ಹದಿನೆಂಟು ಜೊತೆ ಚಪ್ಪಲಿ ಇದೆ” ಎಂದರು.

“ತಾಯಿ, ನಾನು ಹಣ ತಗೊಳ್ಳೋದಿಲ್ಲ” ಎಂದೆ.

“ಮೆಟ್ಟಿಲಿಗೆ ಅದು ಗೊತ್ತಾಗುತ್ತಾ?” ಎಂದು ಕೇಳಿ, ಇಳಿದುಹೋದರು.

ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ ಎಂದರೆ ಅತಿಯಾದೀತು. ಆದರೆ ಮರುದಿನದಿಂದ ಒಂದು ವಾರ, ಬಿಡುವಾದಾಗಲೆಲ್ಲ ಕೆಳಗೆ ಕಲ್ಲುಬೆಂಚಿನ ಮೇಲೆ ಕುಳಿತು, ಹೊರಗಿನಿಂದ ಬಂದವರನ್ನು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿದೆ. ಆಗ ಕಣ್ಣಿಗೆ ಬಿದ್ದದ್ದು ಮತ್ತೊಂದು. ನೆಲ ಅಂತಸ್ತಿನ ಒಂದು ಮನೆಯ ಒಡೆಯರು ಬೇರೆ ಬಡಾವಣೆಯಲ್ಲಿದ್ದಾರೆ. ಈ ಮನೆಯನ್ನು ಪಾರ್ಸೆಲ್ ವ್ಯವಹಾರದವರಿಗೆ ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿ ಒಲೆ ಹೊತ್ತುತ್ತಿರಲಿಲ್ಲ, ರಾತ್ರಿ ಯಾರೂ ಮಲಗುತ್ತಿರಲಿಲ್ಲ. ರಟ್ಟಿನ ಪೆಟ್ಟಿಗೆಗಳು ಮೆಟ್ಟಿಲಿನ ಬುಡದವರೆಗೆ ಬಂದಿದ್ದವು. ಬೆಂಕಿ ಬಿದ್ದರೆ ಮೇಲಿನ ಹನ್ನೆರಡು ಸಂಸಾರ ಇಳಿಯುವ ದಾರಿ ಅದೊಂದೇ. ನಾನೆಣಿಸಿದ ಹೊರಗಿನವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆ ಮನೆಯವರು. ಅವರ ಮೇಲೆ ಒಂದೇ ಒಂದು ದೂರೂ ಬಂದಿರಲಿಲ್ಲ. ಏಕೆಂದರೆ ಅವರು ನಿರ್ವಹಣೆಯ ಹಣವನ್ನು ಮೊದಲ ತಾರೀಖಿಗೇ ಕಟ್ಟುತ್ತಿದ್ದರು. ಗಣೇಶನ ಹಬ್ಬದ ಚಂದಾಪಟ್ಟಿಯಲ್ಲಿ ಅವರ ಹೆಸರೇ ಮೊದಲು.

ಇನ್ನು ಕಾಯಿದೆಯ ಮಾತು. ನಮ್ಮ ರಾಜ್ಯದಲ್ಲಿ ಇಂಥ ಮನೆಗಳಿಗೆಂದೇ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ ಉಂಟು. ಅದು ವಾಸದ ಮನೆಗಳನ್ನೇ ಉದ್ದೇಶಿಸಿದ್ದು. ಅದಕ್ಕೆ ಒಳಪಟ್ಟ ಕಟ್ಟಡದಲ್ಲಿ ಘೋಷಣಾಪತ್ರ, ಉಪನಿಯಮಗಳು ಇರುತ್ತವೆ. ಮನೆ ಕೊಂಡವರು ಅವುಗಳಿಗೆ ಕಟ್ಟುಬಿದ್ದವರು. ನಿಮ್ಮ ಕ್ರಯಪತ್ರದ ಜೊತೆಗಿರುವ ಆ ಕಾಗದಗಳನ್ನು ಒಮ್ಮೆ ಓದಿ. ವಕೀಲರ ಕಚೇರಿ ಅಂಗಡಿಯಲ್ಲ ಎಂದು ಸುಪ್ರೀಂ ಕೋರ್ಟು 1984ರಲ್ಲಿ ಹೇಳಿತು, ನಿಜ. ಆದರೆ ಅದು ಕೇರಳದ ಅಂಗಡಿ ಮುಂಗಟ್ಟುಗಳ ಕಾಯಿದೆಯ ಮಟ್ಟಿಗೆ ಹೇಳಿದ ಮಾತು. ಅದನ್ನೇ ವಿದ್ಯುತ್ ಮೀಟರಿಗೂ ಸಂಘದ ನಿಯಮಕ್ಕೂ ಎಳೆದು ತರಲಾಗದು. ದಿಲ್ಲಿಯಲ್ಲಿ ಹೀಗೆ ಎಳೆದಾಡಿ ಎಳೆದಾಡಿ ವಾಸದ ಬೀದಿಗಳೆಲ್ಲ ಪೇಟೆಯಾದ ಮೇಲೆ, 2006ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯ ಬೀಗಮುದ್ರೆಗೆ ಅಪ್ಪಣೆ ಕೊಟ್ಟಿತು. ಎಷ್ಟೋ ಜನರ ಅನ್ನಕ್ಕೆ ಕುತ್ತಾಯಿತು, ಗಲಭೆಯಾಯಿತು, ಸರ್ಕಾರ ಹೊಸ ಕಾಯಿದೆ ತರಬೇಕಾಯಿತು. ಮರುವರ್ಷ ಬಂದ ನಗರಯೋಜನೆಯಲ್ಲಿ ವೈದ್ಯರು, ವಕೀಲರಂಥ ವೃತ್ತಿಯವರು ತಾವು ವಾಸಿಸುವ ಮನೆಯ ಒಂದು ಭಾಗದಲ್ಲಿ ಕೆಲಸ ನಡೆಸಬಹುದೆಂದು ಇಟ್ಟರು. ತಾವು ವಾಸಿಸುವ ಮನೆ ಎಂಬ ಮಾತನ್ನು ಗಮನಿಸಬೇಕು.

ಪಂಡಿತನಾದವನಿಗೆ ಶಬ್ದದ ಚಪಲ ಬಿಡದು. ನೆರೆ ಎಂದರೆ ನಮ್ಮಲ್ಲಿ ಪಕ್ಕದ ಮನೆಯೂ ಹೌದು, ಉಕ್ಕಿ ಬಂದ ಹೊಳೆಯೂ ಹೌದು. ಮನೆಯ ದುಡಿಮೆ ಹೊಸಿಲು ದಾಟಿ ಹರಿದಾಗ ಒಂದು ನೆರೆ ಇನ್ನೊಂದಾಗುತ್ತದೆ. ಕಿಟಕಿಯ ಬಳಿ ಕುಳಿತು ರವಿಕೆ ಹೊಲಿಯುವವಳೂ ಕಂಪ್ಯೂಟರಿನ ಮುಂದೆ ಲೆಕ್ಕ ಬರೆಯುವವನೂ ಎಷ್ಟು ಸಂಪಾದಿಸಿದರೆ ನಮಗೇನು? ನಾವು ಕೇಳಬೇಕಾದದ್ದು ಬೇರೆ. ಎಷ್ಟು ಕಾಲು ಮೆಟ್ಟಿಲು ತುಳಿಯುತ್ತವೆ? ನೀರು ಎಷ್ಟು ಹೆಚ್ಚು ಹೋಗುತ್ತದೆ? ಒಳಗೆ ಬೆಂಕಿ ಎಷ್ಟಿದೆ? ಆ ಮನೆಯಲ್ಲಿ ಯಾರಾದರೂ ಬಾಳುತ್ತಿದ್ದಾರೆಯೆ?

ಈ ಲೆಕ್ಕದಲ್ಲಿ ಆಕೆಯ ತಪ್ಪೂ ಇತ್ತು. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರದ ಅಡುಗೆಗೆ ಉಪಯೋಗಿಸಲು ಅನುಮತಿಯಿಲ್ಲ. ವ್ಯಾಪಾರಕ್ಕೆ 19 ಕಿಲೋದ್ದು ಬೇರೆಯೇ ಉಂಟು. ಮಾರುವ ತಿನಿಸಿಗೆ 2006ರ ಆಹಾರ ಸುರಕ್ಷತೆಯ ಕಾಯಿದೆಯಂತೆ ನೋಂದಣಿ ಬೇಕು; ಮನೆಯ ಅಡುಗೆಮನೆಯಾದರೂ ಬೇಕು. ಆಕೆಗೆ ಎರಡೂ ಗೊತ್ತಿರಲಿಲ್ಲ. ನೋಟೀಸು ಬರೆಯುವ ಮೊದಲು ಎದುರು ಕುಳಿತು ಹೇಳಿದ್ದರೆ ಗೊತ್ತಾಗುತ್ತಿತ್ತು. ನಾನು ಹೇಳಲಿಲ್ಲ.

ಸಭೆ ಸೇರಿದಾಗ ಹಾಜರಿ ಪುಸ್ತಕವನ್ನು ಓದಿದೆ. ನನ್ನ ಮನೆಯ ಲೆಕ್ಕವನ್ನೇ ಮೊದಲು. ಸ್ವಲ್ಪ ನಗೆ, ಬಹಳ ಜಗಳ. ಕೊನೆಗೆ ತೀರ್ಮಾನವಾಯಿತು. ಕರಿಯುವ ಕೆಲಸ, ದೊಡ್ಡ ಒಲೆ ಕಟ್ಟಡದಿಂದ ಹೊರಗೆ ಹೋಗಬೇಕು. ಬೇಳೆ ಆರಿಸುವುದು, ತರಕಾರಿ ಹೆಚ್ಚುವುದು, ಗಿರಾಕಿಗಳ ಬೇಡಿಕೆ ಬರೆದುಕೊಳ್ಳುವುದು ಮನೆಯಲ್ಲೇ ನಡೆಯಬಹುದು. ಜಾಗ ಹುಡುಕಲು ಮೂರು ತಿಂಗಳ ಅವಧಿ. ಪೆಟ್ಟಿಗೆಗಳು ಆ ವಾರವೇ ಮೆಟ್ಟಿಲು ಬಿಡಬೇಕು, ಮನೆಯನ್ನು ಮತ್ತೆ ಸಂಸಾರಸ್ಥರಿಗೇ ಕೊಡಬೇಕು. ನನ್ನ ಪಾಠ ಪಕ್ಕದ ಬೀದಿಯ ಭಜನೆಮನೆಯ ಹಜಾರಕ್ಕೆ ಹೋಯಿತು.

ಆಕೆ ಎರಡೇ ತಿಂಗಳಲ್ಲಿ ದೊಡ್ಡ ಬೀದಿಯಲ್ಲಿ ಒಂದು ಸಣ್ಣ ಮಳಿಗೆ ಹಿಡಿದರು. ಪಾರ್ಸೆಲಿನವರನ್ನು ಬಿಡಿಸಲು ವಕೀಲರ ಕಾಗದವೂ ಏಳು ತಿಂಗಳೂ ಹಿಡಿದವು. ಆ ವರ್ಷ ಗಣೇಶನ ಚಂದಾ ಇಳಿಯಿತು. ಮಳಿಗೆಯ ಬಾಡಿಗೆ ಆಕೆಯ ಲಾಭದಲ್ಲಿ ಎಷ್ಟನ್ನು ನುಂಗುತ್ತದೆಂದು ನಾನು ಕೇಳಿಲ್ಲ, ಕೇಳುವ ಧೈರ್ಯವಿಲ್ಲ. ಯುಗಾದಿಗೆ ನಮ್ಮ ಮನೆಗೆ ಹೋಳಿಗೆ ಅಲ್ಲಿಂದಲೇ ಬರುತ್ತದೆ. ಜೊತೆಗೆ ಲೆಕ್ಕದ ಚೀಟಿಯೂ ಬರುತ್ತದೆ. ಮೇಷ್ಟ್ರೆಂದು ಒಂದು ರೂಪಾಯಿಯನ್ನೂ ಅವರು ಬಿಟ್ಟಿಲ್ಲ.