ನಾಳೆಗೆ ದಾರಿ
ಭೂಮಿ ಬಿಸಿಯಾಗುತ್ತಿದೆ, ಕೆರೆ ಬತ್ತುತ್ತಿದೆ ಎಂಬ ಸುದ್ದಿ ಕೇಳಿ ಕೇಳಿ ಮನಸ್ಸು ಕುಗ್ಗುತ್ತದೆ. ಸಿರಿಲ್ ದಿಯೋನ್ ಮತ್ತು ಮೆಲಾನಿ ಲೊರಾಂ 2015ರಲ್ಲಿ ನಿರ್ದೇಶಿಸಿದ ಫ್ರೆಂಚ್ ಸಾಕ್ಷ್ಯಚಿತ್ರ ‘ನಾಳೆ’ ಬೇರೊಂದು ಪ್ರಶ್ನೆ ಕೇಳಿತು: ಪರಿಹಾರ ಈಗಾಗಲೇ ಎಲ್ಲೆಲ್ಲಿ ನಡೆದಿದೆ?

ಆ ಚಿತ್ರ ತೋರಿಸಿದಂತೆ, ಇಂಗ್ಲೆಂಡಿನ ಟಾಡ್‌ಮೋರ್ಡನ್‌ನಲ್ಲಿ ಜನ ರಸ್ತೆಬದಿಯಲ್ಲೇ ತರಕಾರಿ ಬೆಳೆದು, ಬೇಕಾದವರು ಕೊಯ್ದುಕೊಳ್ಳಿ ಎಂದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಡುಗೆಮನೆಯ ಹಸಿಕಸ ಗೊಬ್ಬರವಾಗಿ ಹೊಲ ಸೇರಿತು. ತಮಿಳುನಾಡಿನ ಕುತ್ತಂಬಾಕ್ಕಂನಲ್ಲಿ ಪಂಚಾಯಿತಿ ಅಧ್ಯಕ್ಷರಾಗಿದ್ದ ಇಳಂಗೋ ರಂಗಸ್ವಾಮಿ, ದಲಿತರೂ ಇತರರೂ ಒಂದೇ ಗೋಡೆಯ ಆಚೀಚೆ ಬಾಳುವ ಜೋಡಿಮನೆಗಳನ್ನು ಕಟ್ಟಿಸಿದರು. ಗ್ರಾಮಸಭೆಗೆ ಬಲ ತುಂಬಿದರು.

ಇವರೆಲ್ಲ ಆರಂಭಿಸಿದ್ದು ಕೈಗೆಟುಕಿದ ನೆಲದಿಂದ. ಭಯ ನಮ್ಮನ್ನು ಎಚ್ಚರಿಸಬಹುದು, ಆದರೆ ಕೆಲಸಕ್ಕೆ ಹಚ್ಚುವುದು ಭರವಸೆಯೇ. ಮನೆಯ ಹಸಿಕಸವನ್ನು ಇಂದೇ ಬೇರ್ಪಡಿಸೋಣ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ ಊರಿನ ಕೆರೆಯ ಬಗ್ಗೆ ಬಾಯಿಬಿಟ್ಟು ಕೇಳೋಣ.