ಮಾವನ ಜೀಪು, ಗೇಣುದ್ದದ ಪೈಪು



ಹಿಂದಿನ ಭಾನುವಾರ ಹಾಡುಗಳ ನಡುವೆ ನನ್ನ ಹಳೇ ಜೀಪಿನ ವಿಷಯ ಎರಡು ಮಾತು ಆಡಿದ್ದೆ. ಅದನ್ನು ಕೇಳಿ ಮುಲುಂಡಿನಿಂದ ಒಬ್ಬರು ಪತ್ರ ಬರೆದಿದ್ದಾರೆ. ಮೂಡಿಗೆರೆಯ ಮನೆಯ ಕೊಟ್ಟಿಗೆಯಲ್ಲಿ ಅವರ ತಂದೆಯ ಜೀಪು ವರ್ಷಗಳಿಂದ ನಿಂತಿದೆಯಂತೆ. ಅದನ್ನು ಇಲ್ಲಿಗೆ ತರಿಸಿ, ಎತ್ತರ ಮಾಡಿ, ದೊಡ್ಡ ಟೈರು ಹಾಕಿ ಸಹ್ಯಾದ್ರಿಯ ಕಾಡುದಾರಿಗಳಲ್ಲಿ ಓಡಿಸಬೇಕೆಂಬ ಆಸೆ. "ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದ್ದಾರೆ. ಎಲ್ಲಿಂದ ಶುರು ಮಾಡಬಾರದು ಎನ್ನುವುದು ನನಗೆ ಚೆನ್ನಾಗಿ ಗೊತ್ತು, ಅದನ್ನೇ ಇವತ್ತು ಹೇಳಿಬಿಡುತ್ತೇನೆ.

ನನ್ನದು 1983ರ ಮಹೀಂದ್ರ ಸಿಜೆ-3ಬಿ, ಪೆಟ್ರೋಲ್ ಗಾಡಿ. ಸಕಲೇಶಪುರದ ಹತ್ತಿರ ನನ್ನ ಸೋದರಮಾವನ ತೋಟದಲ್ಲಿ ಮೂವತ್ತು ವರ್ಷ ಕಾಫಿ ಚೀಲ, ಮೆಣಸು, ಗೊಬ್ಬರ ಹೊತ್ತದ್ದು. ಮಾವನಿಗೆ ವಯಸ್ಸಾಯಿತು, ಜೀಪು ಷೆಡ್ಡು ಸೇರಿತು. "ಗುಜರಿಗೆ ಹಾಕೋಕೆ ಮನಸ್ಸಿಲ್ಲ, ಬೇಕಾದ್ರೆ ತಗೊಂಡು ಹೋಗೋ" ಅಂದರು. ಲಾರಿಯಲ್ಲಿ ಹಾಕಿಸಿ ಡೊಂಬಿವಲಿಗೆ ತಂದೆ. ವಿಲ್ಲಿಸ್ ಜೀಪುಗಳನ್ನು ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಜೋಡಿಸಲು ಆರಂಭಿಸಿದ್ದು ಇದೇ ಮುಂಬಯಿಯಲ್ಲಿ. ಆ ಲೆಕ್ಕದಲ್ಲಿ ಅದು ತವರಿಗೇ ಬಂದಂತಾಯಿತು. ನಮ್ಮ ಸೊಸೈಟಿಯ ಸೆಕ್ರೆಟರಿ ಮಾತ್ರ ಅದನ್ನು ಮಗಳೆಂದು ಒಪ್ಪಿಕೊಳ್ಳಲು ಆರು ತಿಂಗಳು ಹಿಡಿಯಿತು.

ಪಂಪನ ಪದ್ಯಗಳ ಅನ್ವಯ ಬಿಡಿಸಿ ಬಿ.ಎ. ಮಾಡಿದವನು ನಾನು. ಸ್ಪ್ಯಾನರು ಹಿಡಿದದ್ದು ಆಮೇಲೆ. ಸ್ಟುಡಿಯೋದಲ್ಲಿ ಒಂದು ಅನುಕೂಲವೆಂದರೆ, ಉಗುರಿನಲ್ಲಿ ಸೇರಿದ ಗ್ರೀಸು ಕೇಳುಗರಿಗೆ ಕಾಣುವುದಿಲ್ಲ.

ನಾನು ಮಾಡಿದ ಮೊದಲ ಕೆಲಸ ಜೀಪನ್ನು ಎತ್ತರಿಸಿದ್ದು. ಸ್ಪ್ರಿಂಗಿಗೆ ಎರಡು ಪ್ಲೇಟು ಹೆಚ್ಚಿಗೆ ಸೇರಿಸಿದೆ (ಇಲ್ಲಿಯ ಮಿಸ್ತ್ರಿಗಳು ಇದಕ್ಕೆ ಪಾಟಾ ಅನ್ನುತ್ತಾರೆ), ಉದ್ದದ ಶಾಕಲ್ ಹಾಕಿದೆ. ಎರಡೂವರೆ ಇಂಚು ಮೇಲೆದ್ದಿತು. ಆಮೇಲೆ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಅಲೆದು 31 ಇಂಚಿನ ಅಗಲ ಟೈರು ತಂದೆ. ನೋಡಲು ಏನು ಚೆಂದ ಅಂತೀರಿ! ಕಟ್ಟಡದ ಮಕ್ಕಳೆಲ್ಲ ಹತ್ತಿ ಫೋಟೋ ತೆಗೆಸಿಕೊಂಡರು.

ಅಕ್ಟೋಬರಿನ ಒಂದು ಭಾನುವಾರ ಮುರ್ಬಾಡಿನ ಆಚೆ, ಮಾಳ್ಶೇಜ್ ಘಾಟಿನ ಬುಡದಲ್ಲಿ ಒಂದು ಮಣ್ಣಿನ ಇಳಿಜಾರಿಗೆ ಹೋದೆವು. ಪಕ್ಕದಲ್ಲಿ ಹೆಂಡತಿ, ಹಿಂದೆ ಏಳು ವರ್ಷದ ಮಗ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂತೆ ಹಾಕಿದ್ದೆ, ಆದರೆ ಲೋ ಗೇರಿಗೆ ಇಳಿಸಿರಲಿಲ್ಲ. ಎರಡನೇ ಗೇರಿನಲ್ಲಿ ಸುಮ್ಮನೆ ಬ್ರೇಕು ತುಳಿಯುತ್ತಾ ಇಳಿಯುತ್ತಿದ್ದೆ. ಮಳೆ ನೀರು ಕೊರೆದ ಹಳ್ಳಕ್ಕೆ ಎಡಗಡೆಯ ಮುಂದಿನ ಚಕ್ರ ಪೂರ್ತಿ ಇಳಿಯಿತು, ಎದ್ದಿತು. ಮರುಕ್ಷಣ ಪೆಡಲು ನೆಲಕ್ಕೆ ಹೋಯಿತು. ಇನ್ನೊಮ್ಮೆ ತುಳಿದೆ. ಮತ್ತೊಮ್ಮೆ. ಏನೂ ಇಲ್ಲ. ಕೆಳಗೆ ತಿರುವು, ತಿರುವಿನಲ್ಲಿ ತಡೆಗೋಡೆಯಿಲ್ಲದ ಮೋರಿ.

ಕೈಬ್ರೇಕು ಎಳೆದೆ. ಈ ಹಳೇ ಜೀಪುಗಳ ಕೈಬ್ರೇಕು ಚಕ್ರದಲ್ಲಿಲ್ಲ, ಗೇರುಪೆಟ್ಟಿಗೆಯ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲಿದೆ. ನಾಲ್ಕೂ ಚಕ್ರ ಜೋಡಿಸಿದ್ದರಿಂದ ಆ ಒಂದು ಡ್ರಮ್ಮು ನಾಲ್ಕನ್ನೂ ಹಿಡಿಯಿತು. ಜೀಪು ಜಾರುತ್ತಾ ಹೋಗಿ ದಿಬ್ಬಕ್ಕೆ ಒರಗಿ ನಿಂತಿತು. "ರೀ, ನಿಂತಿತಾ?" ಎಂದಳು ಹೆಂಡತಿ. ನನಗೆ ಉತ್ತರ ಕೊಡಲು ಗಂಟಲು ಏಳಲಿಲ್ಲ. ಮಾತನ್ನೇ ನಂಬಿ ಬದುಕುವವನು ನಾನು!

ಕೆಳಗೆ ಬಗ್ಗಿ ನೋಡಿದರೆ, ಚಾಸಿಯಿಂದ ಆಕ್ಸಲಿಗೆ ಹೋಗುವ ಗೇಣುದ್ದದ ರಬ್ಬರ್ ಬ್ರೇಕ್ ಪೈಪು ಕಿತ್ತು ನೇತಾಡುತ್ತಿತ್ತು. ಸ್ಪ್ರಿಂಗು ಎತ್ತರಿಸಿದಾಗ ಚಾಸಿ ಮೇಲೇಳುತ್ತದೆ, ಆಕ್ಸಲು ಇದ್ದಲ್ಲೇ ಇರುತ್ತದೆ. ನಡುವಿನ ಪೈಪು ಮಾತ್ರ ಹಳೆಯ ಅಳತೆಯದೇ. ಚಕ್ರ ಹಳ್ಳಕ್ಕೆ ಜೋತಾಗ ಅದಕ್ಕೆ ಉದ್ದ ಸಾಲಲಿಲ್ಲ. ನನ್ನ ಜೀಪಿನ ಬ್ರೇಕು ಒಂದೇ ಸರ್ಕ್ಯೂಟಿನದು, ಆದ್ದರಿಂದ ಒಂದು ಕಡೆ ಆಯಿಲು ಚೆಲ್ಲಿದರೆ ನಾಲ್ಕೂ ಚಕ್ರದ ಬ್ರೇಕು ಮುಗಿಯಿತು. ಇದರಲ್ಲಿ ಯಾವ ಗ್ಯಾರೇಜಿನವರ ತಪ್ಪೂ ಇಲ್ಲ. ಎತ್ತರಿಸಿದವನು ನಾನು, ಪೈಪು ನೋಡದವನೂ ನಾನೇ.

ಮಾವನಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ಹತ್ತೋದು ಇಳಿಯೋದು ಅದಕ್ಕೆ ಗೊತ್ತಿತ್ತು ಕಣೋ, ನೀನ್ಯಾಕೆ ಹೇಳಿಕೊಡೋಕೆ ಹೋದೆ?" ಅಂದರು. ಬೈದಿದ್ದರೆ ವಾಸಿ ಇತ್ತು.

ಅವರು ಹೇಳಿದ್ದು ಲೆಕ್ಕಕ್ಕೂ ಸರಿ. ಈ ಜೀಪನ್ನು ಲೋ ಗೇರಿಗೆ ಹಾಕಿದರೆ ಎಳೆಯುವ ಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ. ಮೊದಲ ಗೇರಿನಲ್ಲಿ ಎಂಜಿನು 35ರಿಂದ 40 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಆ ಇಳಿಜಾರಿನಲ್ಲಿ ಹಾಗೆ ಇಳಿಸಿದ್ದರೆ ಬ್ರೇಕು ಮುಟ್ಟುವ ಕೆಲಸವೇ ಇರುತ್ತಿರಲಿಲ್ಲ. ಇನ್ನು ಎತ್ತರದ ಮಾತು. ಕಲ್ಲಿಗೆ ಮೊದಲು ತಾಗುವುದು ಆಕ್ಸಲಿನ ನಡುವಿನ ಗುಂಡು. ಸ್ಪ್ರಿಂಗು ಎಷ್ಟೇ ಎತ್ತರಿಸಿದರೂ ಅದು ಮೇಲೇಳುವುದಿಲ್ಲ, ಅದನ್ನು ಎತ್ತುವುದು ಟೈರು ಮಾತ್ರ. 29 ಇಂಚಿನ ಜಾಗದಲ್ಲಿ 31 ಹಾಕಿದ್ದಕ್ಕೆ ನನಗೆ ಸಿಕ್ಕಿದ್ದು ಒಂದೇ ಇಂಚು! ಅದಕ್ಕೆ ಪ್ರತಿಯಾಗಿ ಎಳೆತ ಕುಗ್ಗಿತು, ಬ್ರೇಕಿನ ಹಿಡಿತ ಕುಗ್ಗಿತು, ಸ್ಪೀಡೋಮೀಟರು 60 ತೋರಿಸಿದಾಗ ಗಾಡಿ 64ರಲ್ಲಿತ್ತು. ಉದ್ದದ ಶಾಕಲಿನಿಂದ ಮುಂದಿನ ಆಕ್ಸಲಿನ ವಾಲು ಕೆಟ್ಟು ಸ್ಟಿಯರಿಂಗು ಅತ್ತಿತ್ತ ಅಲೆಯುತ್ತಿತ್ತು. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗೆ ನಿಂತರೆ ಹೇಗೆ ಕೈ ಬಿಡಲಾಗದೋ ಹಾಗೆ.

ಎಲ್ಲ ಬಿಚ್ಚಿದೆ. ಎರಡನೇ ಸಲ ಚಾಸಿಯಿಂದ ಶುರು ಮಾಡಿದೆ. ಸ್ಪ್ರಿಂಗು ಕೂರುವ ಬ್ರಾಕೆಟ್ಟುಗಳ ಸುತ್ತ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟಣ್ ಎಂದರೆ ಸರಿ, ಮಂಕಾಗಿ ಸದ್ದು ಬಂದರೆ ಒಳಗೆ ತುಕ್ಕು ತಿಂದಿದೆ. ನನ್ನದರಲ್ಲಿ ಎರಡು ಕಡೆ ಹಾಗೆ ಬಂತು, ಕೊಯ್ಸಿ ಹೊಸ ತಗಡು ಬೆಸುಗೆ ಹಾಕಿಸಿದೆ. ಜ್ಯಾಕನ್ನೊಂದೇ ನಂಬಿ ಗಾಡಿಯ ಕೆಳಗೆ ನುಗ್ಗಬೇಡಿ, ಗಟ್ಟಿ ಸ್ಟ್ಯಾಂಡು ಕೊಡಿ. ನಂತರ ಬ್ರೇಕಿನ ಪೈಪು, ಸಿಲಿಂಡರು, ಶೂ ಎಲ್ಲವೂ ಹೊಸದು. ಮುಂದಿನ ಹಿಂದಿನ ಬ್ರೇಕು ಬೇರೆ ಬೇರೆಯಾಗುವ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರನ್ನು ಬಲ್ಲ ಮಿಸ್ತ್ರಿಯ ಕೈಯಲ್ಲೇ ಕೂರಿಸಿದೆ. ಸ್ಟಿಯರಿಂಗಿನ ಸಡಿಲ ಕೀಲುಗಳು ಹೋದವು. ಸ್ಪ್ರಿಂಗು ಹೊಸದು, ಎತ್ತರ ಕಂಪನಿ ಕೊಟ್ಟಷ್ಟೇ. ಟೈರು ಮತ್ತೆ 6.00-16, ಆದರೆ ಕೆಸರಿಗೆ ಹಿಡಿಯುವ ಆಳದ ಕಚ್ಚಿನದು. ಕೆಸರಿನಲ್ಲಿ ಗಾಳಿಯನ್ನು 18 ಪೌಂಡಿಗೆ ಇಳಿಸಿ ನಿಧಾನ ಓಡಿಸುತ್ತೇನೆ, ಡಾಂಬರು ಸಿಕ್ಕ ಕೂಡಲೇ ಪಂಪಿನಿಂದ ತುಂಬುತ್ತೇನೆ. ಚಾಸಿಗೇ ಬೋಲ್ಟು ಮಾಡಿದ ಎಳೆಯುವ ಕೊಕ್ಕೆ, ಒಂದು ಪಟ್ಟಿ, ಒಂದು ಸಲಿಕೆ ಇಟ್ಟುಕೊಂಡಿದ್ದೇನೆ.

ಕಾನೂನೂ ಇದೇ ಕಡೆ ಇದೆ, ನನಗೆ ಆಗ ತಿಳಿದಿರಲಿಲ್ಲ ಅಷ್ಟೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಹೇಳಿತು. ಸಿಂಧನೂರಿನ ಕಡೆಯ ಚೆಂದದ ಜೀಪುಗಳನ್ನು ನೋಡಿ ಆಸೆಪಡುವವರು ಇದನ್ನು ನೆನಪಿಡಿ. ದೆಹಲಿಯ ಬಂಧುಗಳು ಹಳೇ ಗಾಡಿ ತರುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ಅಲ್ಲಿ ಗಾಡಿಯ ವಯಸ್ಸಿನ ನಿಯಮ ಬಿಗಿಯಾಗಿದೆ.

ಮುಲುಂಡಿನ ಗೆಳೆಯರೇ, ಜೀಪು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇರುವುದಾದರೆ ಕರ್ನಾಟಕದ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು ಮಹಾರಾಷ್ಟ್ರದಲ್ಲಿ ನೋಂದಾಯಿಸಿ ತೆರಿಗೆ ಕಟ್ಟಬೇಕು. ಆ ಕಾಗದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಕೇಳುತ್ತಾರೆ. ಮಲೆನಾಡಿನ ಮಳೆಯಲ್ಲಿ ಆ ನಂಬರಿನ ಮೇಲೆ ತುಕ್ಕು ಕೂತಿರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಒಂದು ಟಾರ್ಚು, ತಂತಿ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ ತೆಗೆದುಕೊಂಡು ಕೊಟ್ಟಿಗೆಗೆ ಹೋಗಿ. ಮೆಲ್ಲಗೆ ಉಜ್ಜಿ ನೋಡಿ. ಅಂಕಿಗಳನ್ನು ಓದಲು ಬಂತೇ ಎಂದು ನಮ್ಮ ಕಾರ್ಯಕ್ರಮಕ್ಕೆ ಬರೆದು ತಿಳಿಸಿ.